ಶನಿವಾರ ನೋಡಿದ ಶಾಲೆ

ಕೈಯಲ್ಲೊಂದು ಅಳತೆಯ ಟೇಪು ಇದ್ದರೆ ನನಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹದಿನೈದು ವರ್ಷಗಳಿಂದ ಕಾರಿನ ಬಾಗಿಲುಗಳ ವಿನ್ಯಾಸ ಮಾಡುವುದು ನನ್ನ ಕೆಲಸ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೂ ನನ್ನ ಕಣ್ಣಿಗೆ ಚುಚ್ಚುತ್ತದೆ. ಇಂಥವನು ಬೇರೆಯವರ ಮನೆಗೆ ಊಟಕ್ಕೆ ಹೋದರೆ ಅವರ ಅಡುಗೆಮನೆಯ ಕಪಾಟು ಸೊಟ್ಟಗಿದೆ ಎಂದು ಹೇಳದೆ ಬರಲಾರ. ಒಮ್ಮೆ ದೇವಸ್ಥಾನದಲ್ಲಿ ಪ್ರಸಾದದ ಸಾಲು ಬಾಗಿಲಿಗೆ ಅಡ್ಡವಾಗುತ್ತಿದೆಯೆಂದು ಅದನ್ನು ಎಡಕ್ಕೆ ತಿರುಗಿಸುವ ಸಲಹೆ ಕೊಟ್ಟೆ. ಸಾಲು ತಿರುಗಿತು, ಹೋಗಿ ಎಲ್ಲರ ಚಪ್ಪಲಿಗಳ ಮೇಲೆ ನಿಂತಿತು. ನನ್ನ ಹೆಂಡತಿ ವೀಣಾ ಆ ದಿನ ನನ್ನ ಪರಿಚಯವೇ ಇಲ್ಲದವಳಂತೆ ದೂರ ನಿಂತು ಪುಳಿಯೋಗರೆ ತಿಂದಳು.

ಹೀಗಿರುವಾಗ ನಮ್ಮೂರಿನ ಶಾಲಾ ಮಂಡಳಿ ನಾಗರಿಕರ ಸಮಿತಿಯೊಂದಕ್ಕೆ ಜನ ಬೇಕೆಂದು ಇಮೇಲ್ ಕಳಿಸಿದರೆ ನಾನು ಸುಮ್ಮನಿರುವುದು ಹೇಗೆ? ನಮ್ಮದು ಅಮೆರಿಕದ ನೋವೈ ಪಕ್ಕದ ಊರು. ನಾವು ಮನೆ ಕೊಂಡಾಗ ಎದುರಿಗಿದ್ದದ್ದು ಮೆಕ್ಕೆಜೋಳದ ಹೊಲ. ಈಗ ಅಲ್ಲಿ ಎರಡು ಹೊಸ ಬಡಾವಣೆಗಳು ಎದ್ದಿವೆ, ಮೂರನೆಯದಕ್ಕೆ ಬೋರ್ಡು ಬಿದ್ದಿದೆ. ಮನೆಗಳು ಬಂದಷ್ಟು ಬೇಗ ತರಗತಿಗಳು ಬರಲಿಲ್ಲ. ಮಗಳು ಇಂಚರಾಳ ಶಾಲೆಯಲ್ಲಿ ಲೈಬ್ರರಿಯ ಅರ್ಧವನ್ನು ತರಗತಿ ಮಾಡಿದರು. ಹಿತ್ತಿಲಿನಲ್ಲಿ ತಗಡಿನ ತಾತ್ಕಾಲಿಕ ಕೋಣೆಗಳನ್ನು ತಂದು ನಿಲ್ಲಿಸಿದರು. ಕ್ಯಾಂಟೀನಿನಲ್ಲಿ ಜಾಗವಿಲ್ಲದೆ ಊಟವನ್ನು ನಾಲ್ಕು ಪಾಳಿ ಮಾಡಿದರು, ಅವಳ ತರಗತಿಗೆ ಬೆಳಿಗ್ಗೆ ಹತ್ತೂವರೆಗೇ ಊಟ. ಕೊನೆಗೆ ಊರವರು ಓಟು ಹಾಕಿ ಹೊಸ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟರು. ಅದನ್ನು ಎಲ್ಲಿ ಕಟ್ಟಬೇಕೆಂದು ಸಲಹೆ ಕೊಡುವುದು ನಮ್ಮ ಸಮಿತಿಯ ಕೆಲಸ.

ಮೊದಲ ಸಭೆಯಲ್ಲೇ ನನಗೆ ಉತ್ತರ ಹೊಳೆಯಿತು. ಶಾಲೆಯ ಪೂರ್ವಕ್ಕೆ ಆರು ಕೋಣೆಗಳ ಹಳೆಯ ಕಟ್ಟಡವೊಂದಿದೆ. ಮಾಡು ಸೋರುತ್ತದೆಂದು ಮಕ್ಕಳನ್ನು ಅಲ್ಲಿ ಕೂರಿಸುವುದಿಲ್ಲ. ಯಾವ ಕೋಣೆಯಲ್ಲಿ ಮಕ್ಕಳ ಯಾವ ತರಗತಿ ನಡೆಯುತ್ತದೆ ಎಂಬ ಪಟ್ಟಿಯಲ್ಲಿ ಆ ಕಟ್ಟಡದ ಮುಂದೆ ಏನೂ ಬರೆದಿರಲಿಲ್ಲ. ಅದನ್ನು ಕೆಡವಿ ಅಲ್ಲೇ ಎರಡು ಮಹಡಿ ಎಬ್ಬಿಸಿದರಾಯಿತು. ಆದರೂ ಎಂಜಿನಿಯರನಾದವನು ಕಾಗದ ನೋಡಿ ಮಾತಾಡಬಾರದಲ್ಲ? ಟೇಪು ಹಿಡಿದು ಖುದ್ದಾಗಿ ಹೋದೆ. ಕಾವಲಿನವರು ಬೀಗ ತೆಗೆದುಕೊಟ್ಟರು. ಆರೂ ಕೋಣೆಗಳನ್ನು ಮೂಲೆಯಿಂದ ಮೂಲೆಗೆ ಅಳೆದೆ. ಆ ದಿನ ಶನಿವಾರ ಎಂಬುದು ನನಗೆ ಮುಖ್ಯವಾಗಿ ಕಾಣಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆಲ್ಲ ನನ್ನ ಯೋಜನೆ ವಿವರಿಸಿದೆ. ನಮ್ಮ ಅತ್ತೆ ಶಾಂತಾಬಾಯಿ ಎರಡು ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಗದಗಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್ ಆಗಿದ್ದವರು. ಈಗಲೂ ಅವರು ‘ಊಟಕ್ಕ ಬರ್ರಿ’ ಎಂದರೆ ನನಗೆ ಸಾಲಿನಲ್ಲಿ ನಿಲ್ಲಬೇಕೆನಿಸುತ್ತದೆ. ರೊಟ್ಟಿ ಬಡಿಸುತ್ತಿದ್ದವರು ಕೈ ತಡೆದು, ಕೆಡವುವುದು ಯಾವ ಕಡೆಯ ಕಟ್ಟಡ ಎಂದು ಕೇಳಿದರು. ಪೂರ್ವದ್ದು ಎಂದೆ.

“ಒಳಗ ಯಾರೂ ಇರಲಿಲ್ಲೇನ್ರಿ, ಅಳಿಯಾರ?”

“ಒಂದು ನರಪಿಳ್ಳೆಯೂ ಇರಲಿಲ್ಲ ಅತ್ತೆ. ನಾನೇ ನೋಡಿದೀನಿ.”

ಅವರು ಹೂಂಗುಟ್ಟಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಮಂಡಳಿಯ ಸಭೆ ಯಾವತ್ತು ಎಂದು ವೀಣಾಳನ್ನು ಕೇಳಿ ತಿಳಿದುಕೊಂಡರು. ಅಳಿಯ ಮೈಕಿನಲ್ಲಿ ಮಾತಾಡುವುದನ್ನು ನೋಡುವ ಆಸೆ ಇರಬೇಕು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಮಂಗಳವಾರ ಸಂಜೆ ಏಳಕ್ಕೆ ಸಭೆ. ಮನೆಯವರೆಲ್ಲ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಸಮಿತಿಯ ಪರವಾಗಿ ನಾನೇ ಸ್ಲೈಡು ತೋರಿಸಿದೆ. ‘ಬಳಕೆಯಲ್ಲಿಲ್ಲದ ಕಟ್ಟಡ’ ಎಂಬ ಮಾತನ್ನು ನಾಲ್ಕು ಸಲವಾದರೂ ಹೇಳಿರಬೇಕು. ಮಂಡಳಿಯವರು ತಲೆಯಾಡಿಸಿದರು. ನಂತರ ಸಾರ್ವಜನಿಕರು ಮಾತಾಡುವ ಸರದಿ. ಒಬ್ಬೊಬ್ಬರಿಗೆ ಮೂರು ನಿಮಿಷ. ಸಮಯ ಮುಗಿಯುತ್ತ ಬಂದದ್ದನ್ನು ತಿಳಿಸಲು ಮೇಜಿನ ಮೇಲೆ ಹಸಿರು, ಹಳದಿ, ಕೆಂಪು ದೀಪಗಳ ಪುಟ್ಟ ಪೆಟ್ಟಿಗೆ. ಅಧ್ಯಕ್ಷೆ ಒಂದು ಚೀಟಿ ನೋಡಿ ತಡವರಿಸುತ್ತ ಏನೋ ಹೆಸರು ಕರೆದರು. ಯಾವ ಹೆಸರೆಂದು ನನಗೆ ತಿಳಿಯುವಷ್ಟರಲ್ಲಿ, ಇಳಕಲ್ ಸೀರೆಯ ಮೇಲೆ ಹಿಮದ ಜಾಕೆಟ್ಟು ಹಾಕಿ, ಕಾಲಿಗೆ ಸ್ನೀಕರ್ಸ್ ಏರಿಸಿದ ನಮ್ಮ ಅತ್ತೆ ಮೈಕಿನ ಮುಂದೆ ನಿಂತಿದ್ದರು.

ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಬರುತ್ತದೆಂಬುದೇ ನನಗೆ ಸುದ್ದಿ. ಸಣ್ಣ ಸಣ್ಣ ವಾಕ್ಯಗಳು, ಕವಾಯತಿನ ಹಾಗೆ ಒಂದೊಂದೂ ಸ್ಪಷ್ಟ. ತಮ್ಮ ಹೆಸರು ಹೇಳಿದರು, ಟೀಚರಾಗಿದ್ದೆ ಎಂದರು. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ತಾವು ಆ ಬಳಕೆಯಲ್ಲಿಲ್ಲದ ಕಟ್ಟಡದಲ್ಲೇ ಇರುವುದಾಗಿ ತಿಳಿಸಿದರು. ಅಲ್ಲಿ ಶಾಲಾ ಮಂಡಳಿಯೇ ನಡೆಸುವ ದೊಡ್ಡವರ ಇಂಗ್ಲಿಷ್ ತರಗತಿಯಿದೆ, ಜಪಾನಿನ, ಇರಾಕಿನ, ಉಕ್ರೇನಿನ ಹೆಂಗಸರಿದ್ದಾರೆ, ಒಬ್ಬ ತೆಲುಗು ತಾತನೂ ಇದ್ದಾರೆ. ಕಳೆದ ಜನವರಿಯಲ್ಲಿ ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ಮೊಮ್ಮಗಳು ಶಾಲೆಯ ಬಸ್ಸಿನಿಂದ ಇಳಿಯಲಿಲ್ಲ. ಡ್ರೈವರ್ ಹೊಸಬ. ತಾವೇ ಬಸ್ಸಿನ ಕಚೇರಿಗೆ ಫೋನ್ ಮಾಡಿ ಬಸ್ಸಿನ ನಂಬರು, ಹುಡುಗಿಯ ಹೆಸರು, ಜಾಕೆಟ್ಟಿನ ಬಣ್ಣ ಹೇಳಿದರಂತೆ. ಎರಡು ಮೈಲಿಯಾಚೆಯ ನಿಲ್ದಾಣದಲ್ಲಿ ಅಳುತ್ತ ನಿಂತಿದ್ದ ಮಗುವನ್ನು ಕಚೇರಿಯವರು ಕರೆತಂದು ಬಿಟ್ಟರಂತೆ. ಆ ಮಾತುಗಳನ್ನೆಲ್ಲ ಕಲಿತದ್ದು ಆ ಕೋಣೆಯಲ್ಲಿ, ಎಂದರು.

ಮಗು ತಪ್ಪಿಸಿಕೊಂಡ ವಿಷಯ ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಕೊನೆಗೆ ನನ್ನ ಕಡೆ ಕೈ ತೋರಿಸಿ, “ಹಿ ಈಸ್ ಮೈ ಸನ್-ಇನ್-ಲಾ. ಗುಡ್ ಎಂಜಿನಿಯರ್. ಹಿ ಕೇಮ್ ಆನ್ ಸ್ಯಾಟರ್ಡೇ. ಸ್ಯಾಟರ್ಡೇ, ಸ್ಕೂಲ್ ಈಸ್ ಕ್ಲೋಸ್ಡ್,” ಎಂದು ಹೇಳಿ, ದೀಪ ಹಳದಿಯಾಗುವ ಮೊದಲೇ ಬಂದು ಕೂತರು.

ಜನ ನಕ್ಕರು. ಅಧ್ಯಕ್ಷೆಯೂ ನಕ್ಕರು. ತೀರ್ಮಾನವನ್ನು ಮುಂದಿನ ಸಭೆಗೆ ಹಾಕಿ, ಸಮಿತಿಯವರು ಇನ್ನೊಮ್ಮೆ ಪರಿಶೀಲಿಸಬೇಕು ಎಂದರು. ‘ವಾರದ ದಿನ’ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಮನೆಗೆ ಡ್ರೈವ್ ಮಾಡುವಾಗ, ನನಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ತರಗತಿಗೆ ಹೊಂಟೀನಿ ಅಂತ ಹೇಳೀನ್ರಿ,” ಎಂದರು ಅತ್ತೆ. “ನೀವು ಕಿವ್ಯಾಗ ಆ ಬಿಳೀ ಗುಂಡಿ ಇಟ್ಕೊಂಡು ಹೂಂ ಅಂದ್ರಿ. ಬಸ್ಸಿನ ದಿನ ನಿಮ್ಮಿಬ್ಬರಿಗೂ ಫೋನ್ ಹಚ್ಚಿದೆ. ಇಬ್ಬರೂ ಮೀಟಿಂಗ್‌ನ್ಯಾಗ ಇದ್ರಿ. ಕೂಸು ಸಿಕ್ತಲ್ಲ, ಮತ್ಯಾಕ ನಿಮ್ಮನ್ನ ಹೆದರಸೋದು ಅಂತ ಬಿಟ್ಟೆ.”

ಹಿಂದಿನ ಸೀಟಿನಲ್ಲಿ ವೀಣಾ ಇಂಚರಾಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ನಾನು ನಮ್ಮ ತಿರುವು ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಮರುವಾರ ರಜೆ ಹಾಕಿ, ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹೋದೆ. ಶನಿವಾರ ಕುರ್ಚಿಗಳನ್ನಷ್ಟೇ ಕಂಡಿದ್ದ ಕೋಣೆಯಲ್ಲಿ ಒಂದೂ ಕುರ್ಚಿ ಖಾಲಿಯಿರಲಿಲ್ಲ. ಪಾಠದ ನಾಟಕದಲ್ಲಿ ಜಪಾನಿನ ಹೆಂಗಸೊಬ್ಬರು ಡಾಕ್ಟರಾಗಿದ್ದರು, ಇರಾಕಿನ ಅಜ್ಜಿ ಹಲ್ಲುನೋವಿನ ರೋಗಿ, ನಮ್ಮ ಅತ್ತೆ ಅಪಾಯಿಂಟ್‌ಮೆಂಟ್ ಕೊಡಲು ಒಪ್ಪದ ರಿಸೆಪ್ಷನಿಸ್ಟ್. ನಟನೆ ನೋಡಿದರೆ ಹಲ್ಲು ತಾನಾಗಿಯೇ ವಾಸಿಯಾಗುವಂತಿತ್ತು. ಮಾಡು ಸೋರುತ್ತಿದ್ದದ್ದೂ ಸುಳ್ಳಲ್ಲ, ನಡುವೆ ಒಂದು ಬಕೆಟ್ಟು ಇಟ್ಟಿದ್ದರು. ಆ ಕಟ್ಟಡ ಹೋಗಲೇಬೇಕಿತ್ತು, ಆದರೆ ತರಗತಿ ಹೋಗುವಂತಿರಲಿಲ್ಲ. ಆ ವಾರವೆಲ್ಲ ಕೂತು ಯೋಜನೆಯನ್ನು ತಿದ್ದಿದೆ. ಹೊಸ ಕಟ್ಟಡದ ನೆಲಮಹಡಿಯಲ್ಲಿ ರಸ್ತೆಗೆ ತೆರೆದುಕೊಳ್ಳುವ ದೊಡ್ಡ ಕೋಣೆ ಅವರದು. ಅದು ಮುಗಿಯುವವರೆಗೆ ಪಕ್ಕದ ಮಿಡ್ಲ್ ಸ್ಕೂಲಿನಲ್ಲಿ ಒಂದು ಕೋಣೆ. ಮುಂದಿನ ಸಭೆಯಲ್ಲಿ ಮಂಡಳಿಯವರು ಅದನ್ನು ಒಮ್ಮತದಿಂದ ಒಪ್ಪಿದರು. ನಾನು ಎಂದಿನ ಧೈರ್ಯದಲ್ಲೇ ಮಾತಾಡಿದೆ, ಇಡೀ ಯೋಜನೆ ಮೊದಲಿನಿಂದಲೂ ನನ್ನ ತಲೆಯಲ್ಲಿತ್ತು ಎನ್ನುವ ಹಾಗೆ.

ಆದರೆ ಆ ಸಭೆಯಲ್ಲಿ ನಾನು ಹೇಳದೆ ಬಿಟ್ಟ ಸಂಗತಿಯೊಂದಿದೆ. ತರಗತಿ ನೋಡಲು ಹೋದ ದಿನ ಬಾಗಿಲಲ್ಲೇ ಟೀಚರಮ್ಮ ನನ್ನನ್ನು ಬಹಳ ವಿಶ್ವಾಸದಿಂದ ಬರಮಾಡಿಕೊಂಡು ಮೂಲೆಯ ಮೇಜಿಗೆ ಕರೆದೊಯ್ದರು. ಈ ದೇಶಕ್ಕೆ ಬಂದು ಎಷ್ಟು ವರ್ಷವಾಯಿತು, ಏನು ಕೆಲಸ ಎಂದೆಲ್ಲ ಕೇಳಿ ಬರೆದುಕೊಂಡರು. ಸಮಿತಿಯ ಸದಸ್ಯನನ್ನು ಸಂದರ್ಶಿಸುತ್ತಿದ್ದಾರೆ ಎಂದುಕೊಂಡು ನಾನು ಕಾರಿನ ಬಾಗಿಲುಗಳ ಬಗ್ಗೆ ಇಪ್ಪತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಅವರು ನಡುನಡುವೆ ಬೇರೆ ಏನೇನೋ ಪ್ರಶ್ನೆ ಕೇಳುತ್ತಿದ್ದರು, ನಾನು ಬಾಗಿಲು ಬಿಡಲಿಲ್ಲ. ಕೊನೆಗೆ ಒಂದು ಕಾಗದ ಕೈಗಿತ್ತು, ಸೋಮವಾರದಿಂದ ಬರಬಹುದು ಎಂದರು. ಹೊಸ ವಿದ್ಯಾರ್ಥಿಗಳ ಪರೀಕ್ಷೆ ಅದು. ನನಗೆ ಸಿಕ್ಕಿದ್ದು ಎರಡನೇ ಹಂತ. ನಮ್ಮ ಅತ್ತೆ ಮೂರನೆಯದರಲ್ಲಿದ್ದಾರೆ.

ಕಾಗದದ ಕೆಳಗೆ ಟೀಚರಮ್ಮನ ಎರಡು ಸಾಲಿನ ಷರಾ ಇದೆ. ಮೊದಲನೆಯದು: ಮಾತು ಧೈರ್ಯವಾಗಿದೆ. ಎರಡನೆಯದು: ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಬೇಕು. ವೀಣಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಹಾಲು ತೆಗೆಯಲು ಹೋದಾಗಲೆಲ್ಲ ತಪ್ಪದೆ ಓದಿಕೊಳ್ಳುತ್ತೇನೆ, ಮೊದಲನೇ ಸಾಲನ್ನು.