ಚಪ್ಪಟೆ ಹುಳದ ಮೇಷ್ಟ್ರು

ಹುಳದ ಪಾಠ ಮಾಡಿ ಹೊಟ್ಟೆ ಹೊರೆಯುವವನಿಗೆ ಇಂಥವು ನಡೆಯದಿದ್ದರೇ ಆಶ್ಚರ್ಯ. ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಕುರಿ, ದನಗಳ ಲಿವರಿನಲ್ಲಿ ಬಿಡಾರ ಹೂಡುವ ಚಪ್ಪಟೆ ಹುಳಗಳೆಂದರೆ ನನಗೆ ವಿಪರೀತ ಪ್ರೀತಿ. ಆ ದಿನಗಳು ನೆನಪಾದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

೧

ಪಾಠಕ್ಕೆ ತಾಜಾ ಹುಳ ಬೇಕೆಂದು ಒಂದು ಭಾನುವಾರ ಬಾಟಲಿ ಹಿಡಿದು ಮಟನ್ ಅಂಗಡಿ ಮುಂದೆ ನಿಂತಿದ್ದೆ. ನನ್ನ ಮನೆ ಮಾಲೀಕರು ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಆ ದಾರಿಯಲ್ಲೇ ಬಂದವರು ನೋಡಿಬಿಟ್ಟರು. ಸಂಜೆ ಜಗಲಿಗೆ ಕರೆದರು.

"ಮೇಷ್ಟ್ರೇ, ಮಾಂಸ ತಿನ್ನೋರಿಗೆ ಮನೆ ಕೊಡಂಗಿಲ್ರೀ. ಬ್ಯಾರೆ ಕಡೆ ನೋಡ್ಕೊಳ್ರಿ."

"ಅಯ್ಯೋ, ನಾನು ಹೋಗಿದ್ದು ಮಾಂಸಕ್ಕಲ್ರೀ, ಅದರೊಳಗಿನ ಹುಳಕ್ಕೆ!"

ಅವರು ಹಿಂದೆ ಸರಿದು ಹೆಂಡತಿಯನ್ನು ಕೂಗಿದರು: "ಲೇ, ಬಾರೇ ಇಲ್ಲಿ! ಇವರು ಮಾಂಸ ಬಿಟ್ಟು ಬರೇ ಹುಳ ತಿಂತಾರಂತೆ!"

೨

ಬಾಟಲಿ ತೋರಿಸಿ, ಪಾಠ ಒಪ್ಪಿಸಿ, ಹೇಗೋ ಮನೆ ಉಳಿಸಿಕೊಂಡೆ. ಮರುದಿನ ಅವೇ ಹುಳಗಳನ್ನು ಕ್ಲಾಸಿನಲ್ಲಿಟ್ಟೆ.

"ನೋಡ್ರಪ್ಪಾ, ಎಲೆಯ ಆಕಾರ. ಅಂಟಿಕೊಳ್ಳೋಕೆ ಎರಡು ಹೀರುಬಟ್ಟಲು, ಒಂದು ಬಾಯಿ ಸುತ್ತ, ಇನ್ನೊಂದು ಹೊಟ್ಟೆ ಮೇಲೆ. ಕರುಳು ಮರದ ಹಾಗೆ ಕವಲೊಡೆದಿದೆ. ಈ ಕುಟುಂಬದ ಗುರುತೇ ಅದು. ಆದರೆ ಹಿಂಬಾಗಿಲು ಮಾತ್ರ ಇಲ್ಲ."

ಈಸೂರಿನ ಹುಡುಗಿಯೊಬ್ಬಳು ಎದ್ದಳು. "ಹಂಗಾರೆ ಹೊಲಸೆಲ್ಲ ಎಲ್ಲಿಂದ ಬರ್ತತಿ ಸಾರ್?"

"ಬಾಯಿಂದಲೇ."

ಹಿಂದಿನ ಬೆಂಚಿನಿಂದ ದನಿ ಬಂತು: "ನಮ್ಮೂರಾಗೂ ಅಂಥೋರು ಅದಾರೆ ಸಾರ್!"

೩

ಸೊರಬದ ಕಡೆ, ಕುಪ್ಪಗಡ್ಡೆಗೆ ಹೆಣ್ಣು ನೋಡಲು ಹೋಗಿದ್ದೆವು. ಪಕ್ಕದಲ್ಲಿ ಅಮ್ಮ. ಹುಡುಗಿಯ ತಂದೆ ಏನು ಪಾಠ ಮಾಡ್ತೀರಿ ಎಂದರು. ಚಪ್ಪಟೆ ಹುಳ ಎಂದೆ. ಅವರು ತಲೆಯಾಡಿಸಿ, "ಹಾಗೇ ಕುಟುಂಬದ ವಿಚಾರ ಸ್ವಲ್ಪ ಹೇಳಿ" ಎಂದರು.

ನಾನಿನ್ನೂ ಹುಳದಲ್ಲೇ ಇದ್ದೆ. "ಸ್ವಂತ ದುಡಿಮೆ ಇಲ್ಲ. ಹೊಕ್ಕ ಕಡೆ ಗಟ್ಟಿಯಾಗಿ ಅಂಟಿಕೊಂಡು ರಕ್ತ ಹೀರಿ ಬದುಕೋದು."

ಅಮ್ಮ ನನ್ನ ತೊಡೆ ಚಿವುಟಿದರು. ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟರು. "ನಾನು ಕೇಳಿದ್ದು ನಿಮ್ಮ ಮನೆಯವರ ವಿಚಾರ."

ನೆಲ ಬಿರಿದರೆ ಇಳಿದುಹೋಗೋಣ ಅನ್ನಿಸಿತು. ಅಷ್ಟರಲ್ಲಿ ಬಾಗಿಲ ಮರೆಯಿಂದ ಹುಡುಗಿಯ ನಗು ಕೇಳಿತು. ತಡೆದುಕೊಂಡಷ್ಟೂ ಉಕ್ಕುವ ನಗು. ಇನ್ನು ಬೇರೆ ಹೆಣ್ಣು ನೋಡುವುದು ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಅವಳಪ್ಪನ ಮುಖ ಗಂಟಿಕ್ಕಿಯೇ ಇತ್ತು.

ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಅವಳ ಅಜ್ಜಿ ಕೇಳಿದರು: "ಆ ಹುಳದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಮಾರಾಯ?"

"ಎರಡೂ ಒಂದರಲ್ಲೇ ಇರ್ತದೆ ಅಜ್ಜಿ."

ಅಜ್ಜಿ ಮಗನ ಕಡೆ ತಿರುಗಿದರು. "ಕೇಳಿದ್ಯೇನೋ? ಅವಕ್ಕೆ ಹೆಣ್ಣು ಹುಡುಕೋ ತಾಪತ್ರಯ ಇಲ್ಲ. ಪಾಪ, ಇವನಿಗೆ ಆ ಸೌಕರ್ಯ ಇಲ್ವಲ್ಲ, ಕೊಟ್ಟುಬಿಡು!"

ಕೊಟ್ಟರು.