ಊಟದ ನಂತರ ಒಂದು ಹೂವು

ವಿಶ್ರಾಂತಿ ಎನ್ನುವುದು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನ್ನ ಗಂಡ ಸೋಫಾ ಕಂಡರೆ ಸಾಕು, ಕಾಲು ಮೇಲೆ ಬರುವ ಮೊದಲೇ ಕಣ್ಣು ಮುಚ್ಚಿರುತ್ತದೆ. ನನಗೆ ಮಾತ್ರ ಸುಮ್ಮನೆ ಕೂರಬೇಕಾದರೆ ಪೂರ್ವಸಿದ್ಧತೆ ಬೇಕು. ಗ್ಯಾಸ್ ಆರಿಸಿದೆನಾ, ಮಗಳ ಯೂನಿಫಾರ್ಮ್ ಒಣಗಿತಾ, ಊರಿನಿಂದ ಅಮ್ಮ ಇವತ್ತು ಯಾಕೆ ಫೋನ್ ಮಾಡಲಿಲ್ಲ, ಇಷ್ಟನ್ನೂ ಮುಗಿಸಿ ಕೂತ ಮೇಲೆ, ಏನನ್ನೋ ಮರೆತಿರಬೇಕು, ಇಲ್ಲದಿದ್ದರೆ ನಾನು ಹೀಗೆ ಕೂರುತ್ತಿರಲಿಲ್ಲ ಎಂಬ ಹೊಸ ಚಿಂತೆ ಶುರುವಾಗುತ್ತದೆ. ಇಲ್ಲಿ ಗಲ್ಫಿನಲ್ಲಿ, ಐನ್ ಖಾಲಿದ್‌ನ ಮನೆಯಿಂದ ವೆಸ್ಟ್ ಬೇಯ ಆಫೀಸಿಗೆ ಹೊರಟವಳು ಅರ್ಧ ದಾರಿಯಿಂದ ಗಂಡನಿಗೆ ಫೋನ್ ಮಾಡಿ, "ಇಸ್ತ್ರಿಪೆಟ್ಟಿಗೆಯ ಪ್ಲಗ್ ತೆಗೆದಿದ್ದೇನಾ ನೋಡಿ" ಎಂದದ್ದು ಎಷ್ಟು ಸಲವೋ. ಆ ದಿನ ಇಸ್ತ್ರಿಯೇ ಹಾಕಿರುವುದಿಲ್ಲ.

ಇಂಥವಳಿಗೆ ನಲವತ್ತೇಳಕ್ಕೆ ಬಿ.ಪಿ. ಏರಿದ್ದರಲ್ಲಿ ಆಶ್ಚರ್ಯವಿಲ್ಲ. ಮಲಯಾಳಿ ಡಾಕ್ಟರಮ್ಮ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದರು: ಉಪ್ಪು ಕಡಿಮೆ ಮಾಡಿ, ದಿನಕ್ಕೆ ಹತ್ತು ನಿಮಿಷವಾದರೂ ರಿಲ್ಯಾಕ್ಸ್ ಮಾಡಿ, ಒಂದು ತಿಂಗಳು ಬಿಟ್ಟು ಬನ್ನಿ. ಇಳಿಯದಿದ್ದರೆ ಮಾತ್ರೆ. ಶುರು ಮಾಡಿದ ಮೇಲೆ ದಿನಾ ಬೇಕು, ಜೀವನಪೂರ್ತಿ. ನನ್ನ ಕಣ್ಣೆದುರಿಗೆ ಅತ್ತೆಯ ಏಳು ಖಾನೆಯ ಮಾತ್ರೆ ಡಬ್ಬಿ ಬಂದು ನಿಂತಿತು. ಅದರಲ್ಲಿ ಬುಧವಾರದ ಮಾತ್ರೆ ಗುರುವಾರವೂ ಉಳಿದಿದ್ದರೆ ಮನೆಮಂದಿಯನ್ನೆಲ್ಲ ಕೂರಿಸಿ ವಿಚಾರಣೆ ನಡೆಯುತ್ತದೆ. ನನ್ನ ಸ್ವಭಾವಕ್ಕೆ ಮಾತ್ರೆ ಕೊಟ್ಟರೆ, ನುಂಗಿದೆನೋ ಇಲ್ಲವೋ ಎಂಬ ಚಿಂತೆಗೇ ಬಿ.ಪಿ. ಇನ್ನಷ್ಟು ಏರುತ್ತದೆ. ಹೇಗಾದರೂ ತಿಂಗಳೊಳಗೆ ರಿಲ್ಯಾಕ್ಸ್ ಆಗಿಬಿಡಬೇಕು ಎಂದು ಹಲ್ಲುಕಚ್ಚಿ ನಿರ್ಧರಿಸಿದೆ.

ದಾರಿ ತೋರಿಸಿದವಳು ಆಫೀಸಿನಲ್ಲಿ ಪಕ್ಕದ ಮೇಜಿನ ಲವೀನಾ. ಉಡುಪಿಯವಳು, ನನಗಿಂತ ಚಿಕ್ಕವಳು, ಯಾವ ಕಷ್ಟಕ್ಕೂ ಮೊಬೈಲಿನಲ್ಲಿ ಒಂದು ವಿಡಿಯೋ ಇಟ್ಟುಕೊಂಡವಳು. "ಶೋಭಕ್ಕ, ನೀವು ಹೂವಿನ ಚಿತ್ರ ಬಿಡಿಸಿ ಮಾರ್ರೆ. ಮಧ್ಯ ಒಂದು ಸೊನ್ನೆ, ಸುತ್ತ ಐದು ಎಸಳು, ಖಲಾಸ್. ಎಂತ ತಲೆಬಿಸಿ ಇಲ್ಲ." ವಿಡಿಯೋದಲ್ಲಿ ಒಬ್ಬಳು ಬಿಳಿ ಮೇಜಿನ ಮುಂದೆ ಕೂತು, ಬಿಡುವಿಲ್ಲದ ತಾಯಂದಿರಿಗೆಂದೇ ಹೂವು ಬಿಡಿಸುತ್ತಿದ್ದಳು. ಅವಳ ಹಿಂದೆ ಮಡಚದ ಬಟ್ಟೆ ಒಂದೂ ಕಾಣಲಿಲ್ಲ. ಯಾರ ತಾಯಿಯೋ, ಮಕ್ಕಳನ್ನು ಎಲ್ಲಿ ಇಟ್ಟಿದ್ದಾಳೋ ಎಂದು ನನಗೆ ಅಲ್ಲೇ ಒಂದು ಚಿಂತೆ ಹತ್ತಿತು.

ಆ ಸಂಜೆಯೇ ಹಾಳೆ ಹಿಡಿದು ಊಟದ ಮೇಜಿನ ಮುಂದೆ ಕೂತೆ. ಒಲೆಯ ಮೇಲೆ ಕುಚ್ಚಲಕ್ಕಿ. ಅದಕ್ಕೆ ವಿಸಿಲ್ ಎಣಿಸಬೇಕು, ಇದಕ್ಕೆ ಎಸಳು ಎಣಿಸಬೇಕು. ವಿಸಿಲಿನ ಲೆಕ್ಕ ಎಸಳಿಗೆ ಹೋಯಿತು, ಎಸಳಿನದ್ದು ವಿಸಿಲಿಗೆ. ಹೂವಿಗೆ ಒಂಬತ್ತು ಎಸಳಾದವು, ಅನ್ನ ಅಕ್ಕಿಯಾಗಿಯೇ ಉಳಿಯಿತು. ಮಾರನೆಯ ದಿನ ಅನ್ನ ಮುಗಿಸಿಯೇ ಕೂತು, ನಮ್ಮೂರ ಮಲ್ಲಿಗೆಯನ್ನು ಮನಸ್ಸಿಗೆ ತಂದುಕೊಂಡು ಮೂರು ಮೊಗ್ಗು ಬಿಡಿಸಿದೆ. ಮಗಳು ಬಂದು ಬಗ್ಗಿ ನೋಡಿ, "ಅಮ್ಮ, ಗಾರ್ಲಿಕ್ಕಾ? ಸೋ ಕ್ಯೂಟ್ ಉಂಟು" ಎಂದಳು. ಹೊಗಳಿಕೆಯೇ ಆದದ್ದರಿಂದ ಬೈಯಲೂ ಆಗಲಿಲ್ಲ.

ಅವಳಾದರೂ ಹೊಗಳಿ ಹೋದಳು. ಇವರು ಹೋಗಲಿಲ್ಲ. ನನ್ನ ಗಂಡ ಕಟ್ಟಡದ ಕಂಪನಿಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವರು, ಮನೆಯಲ್ಲಿ ಅದನ್ನೇ ಪುಕ್ಕಟೆ ಮಾಡುತ್ತಾರೆ. ಕೆಂಪು ಪೆನ್ನು ತೆಗೆದು, "ಎಸಳಿನ ಸೈಜ್ ಒಂದೇ ಇಲ್ಲ. ದಂಟಿಗೆ ಸಪೋರ್ಟ್ ಇಲ್ಲ, ಬೀಳ್ತದೆ" ಎಂದು ಮೂಲೆಯಲ್ಲಿ 'ಸಿ' ಎಂದು ಬರೆದರು. ಅವರ ಲೋಕದಲ್ಲಿ 'ಎ' ಎಂದರೆ ಒಪ್ಪಿಗೆ, 'ಬಿ' ಎಂದರೆ ಸಣ್ಣ ತಕರಾರಿನೊಂದಿಗೆ ಒಪ್ಪಿಗೆ, 'ಸಿ' ಎಂದರೆ ತಿದ್ದಿ ಮತ್ತೆ ತಾ.

"ಅದು ಹೂವು, ಕಟ್ಟಡ ಅಲ್ಲ" ಎಂದೆ.

"ಬೀಳುವಾಗ ದಂಟಿಗೆ ಅದೆಲ್ಲ ಗೊತ್ತಾಗ್ತದಾ?" ಎಂದರು.

ಇನ್ನು ಮನೆಯಲ್ಲಿ ಆಗದ ಮಾತೆಂದು ಹೂವನ್ನು ಆಫೀಸಿಗೆ ಸಾಗಿಸಿದೆ. ಅಲ್ಲಿ ನನ್ನ ಕೆಲಸ ಕಾಗದಪತ್ರ ಕಾಯುವುದು. ಕಟ್ಟಡದ ಒಂದೊಂದು ನಕ್ಷೆಗೂ ನಂಬರು ಹಾಕಿ, ದಾಖಲೆ ಮಾಡಿ, ಕನ್ಸಲ್ಟೆಂಟರ ಒಪ್ಪಿಗೆಗೆ ಕಳಿಸಬೇಕು. ಎಲ್ಲ ಕಂಪ್ಯೂಟರಿನಲ್ಲಿ ಹೋದರೂ ಕಾಗದದ ಪ್ರತಿ ಕೇಳುವುದನ್ನು ಅವರು ಬಿಟ್ಟಿಲ್ಲ. ಮಧ್ಯಾಹ್ನದ ಬುತ್ತಿ ಮುಗಿಸಿ, ಒಂದು ಬಿಳಿ ಹಾಳೆಯಲ್ಲಿ ಸೊನ್ನೆ, ಐದು ಎಸಳು. ಎರಡು ವಾರ ಸುಖವಾಗಿಯೇ ನಡೆಯಿತು. ಹಾಗೆ ಸುಖವಾಗಿ ನಡೆಯುತ್ತಿರುವುದೇ ನನ್ನನ್ನು ಹೆದರಿಸತೊಡಗಿತ್ತು. ಮೂರನೆಯ ವಾರ ಹೂವು ಇನ್ನೇನು ಮುಗಿಯಿತು ಎನ್ನುವಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಯಲ್ಲಾ ಶೋಭಾ, ಬೇಗ, ಡ್ರೈವರ್ ಕಾಯುತ್ತಿದ್ದಾನೆ" ಎಂದರು. ಗಾಬರಿಯಲ್ಲಿ ಮೇಜಿನ ಮೇಲಿದ್ದುದನ್ನೆಲ್ಲ ಬಾಚಿ ಕನ್ಸಲ್ಟೆಂಟರ ಫೈಲಿಗೆ ತುಂಬಿ ಕೊಟ್ಟೆ. ಹೂವು ಕಂಬಗಳ ನಕ್ಷೆಗಳ ಜೊತೆ ಹೋದದ್ದು ಗೊತ್ತಾದದ್ದು ಮನೆಗೆ ಹೋಗುವಾಗ, ಸಿಗ್ನಲಿನಲ್ಲಿ. ಇಸ್ತ್ರಿಪೆಟ್ಟಿಗೆಗೆ ಬೆಂಕಿ ಹತ್ತಿದ್ದರೂ ನಾನು ಅಷ್ಟು ಬೆವರುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಫೈಲು ವಾಪಸು ಬಂತು. ಹನ್ನೊಂದು ನಕ್ಷೆಗಳಿಗೂ 'ಬಿ'. ಹೂವಿಗೆ ಸೀಲು ಹೊಡೆದು 'ಸಿ'; ಪಕ್ಕದಲ್ಲಿ ಯಾರೋ ಪುಣ್ಯಾತ್ಮ ಅಚ್ಚುಕಟ್ಟಾಗಿ ಬರೆದಿದ್ದ: ಎಲೆಗಳನ್ನು ತೋರಿಸಿಲ್ಲ, ತಿದ್ದಿ ಮತ್ತೆ ಸಲ್ಲಿಸಿ. ಮ್ಯಾನೇಜರ್ ಅದನ್ನು ಹಿಡಿದು ನನ್ನ ಮೇಜಿಗೆ ಬಂದರು. ಕೆಲಸ ಹೋಯಿತು, ವೀಸಾ ಹೋಯಿತು, ಮಗಳ ಪರೀಕ್ಷೆ ಮುಗಿಯುವ ತನಕವಾದರೂ ಬಿಟ್ಟಾರೋ ಎಂದು ನಾನು ಮನಸ್ಸಿನಲ್ಲೇ ಮಂಗಳೂರಿನ ವಿಮಾನ ಹತ್ತಿಯಾಗಿತ್ತು. ಅವರು ಕೇಳಿದ್ದು ಒಂದೇ: "ಇದಕ್ಕೆ ಯಾಕೆ ನಂಬರು ಇಲ್ಲ?" ಲವೀನಾ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುವ ನೆಪದಲ್ಲಿ ಐದು ನಿಮಿಷ ಮೇಲೇಳಲಿಲ್ಲ. ಮನೆಯಲ್ಲಿ ಇವರು ಸೀಲನ್ನು ಎರಡೆರಡು ಸಲ ಓದಿ, "ನಾನು ಆಗಲೇ ಹೇಳಿದ್ದೆ" ಎಂದರು. ಮದುವೆಯಾದ ಮೇಲೆ ಅವರನ್ನು ಅಷ್ಟು ತೃಪ್ತಿಯಲ್ಲಿ ನಾನು ಕಂಡಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಿ.ಪಿ. ನೋಡಿಸಲು ಹೋಗುವುದೆಂದರೆ ಫೇಲಾದವಳು ಅಂಕಪಟ್ಟಿ ತರಲು ಹೋದ ಹಾಗೆ. ತೋಳಿಗೆ ಪಟ್ಟಿ ಬಿಗಿದ ನರ್ಸ್ ಎರಡು ಸಲ ಅಳೆದಳು. ಇಳಿದಿತ್ತು. ನನಗೆ ನಂಬಿಕೆ ಬರಲಿಲ್ಲ. ಮೆಷಿನ್ ಸರಿ ಇದೆಯಾ ಎಂದು ವಿಚಾರಿಸಿದೆ. ಡಾಕ್ಟರಮ್ಮ ಸಂತೋಷದಿಂದ, "ಮಾತ್ರೆ ಬೇಡ. ಏನು ಮಾಡಿದಿರಿ?" ಎಂದರು. ಹೂವಿನ ಕಥೆ ಹೇಳಿದೆ, ಸೀಲಿನ ಭಾಗ ಬಿಟ್ಟು. ಅವರು ನಕ್ಕು, ಚೀಟಿಯಲ್ಲಿ ನಿಜಕ್ಕೂ ಬರೆದುಕೊಟ್ಟರು: ದಿನಕ್ಕೊಂದು ಹೂವು, ಊಟದ ನಂತರ. ಎಷ್ಟು ದಿನ ಎಂದು ಕೇಳಿದೆ. "ನಿಲ್ಲಿಸಬೇಡಿ" ಎಂದರು.

ಈಗ ರಾತ್ರಿಯೂಟ ಮುಗಿದ ಕೂಡಲೇ ಇವರು, ತಮ್ಮ ತಾಯಿಯನ್ನು ಮಾತ್ರೆ ಆಯ್ತಾ ಎಂದು ಕೇಳುವ ಅದೇ ಧ್ವನಿಯಲ್ಲಿ, "ಹೂವು ಆಯ್ತಾ?" ಎನ್ನುತ್ತಾರೆ. ಮಗಳು ವಾರದ ಏಳು ದಿನಕ್ಕೆ ಏಳು ಹಾಳೆ ಕತ್ತರಿಸಿ ಹೆಸರು ಬರೆದಿಟ್ಟಿದ್ದಾಳೆ. ನಿನ್ನೆ ನೆಂಟರು ಬಂದ ಗಡಿಬಿಡಿಯಲ್ಲಿ ಬುಧವಾರದ ಹಾಳೆ ಖಾಲಿಯೇ ಉಳಿಯಿತು. ಇವತ್ತು ಎರಡು ಹೂವು ಒಟ್ಟಿಗೆ ಬಿಡಿಸಿದರೆ ಡೋಸ್ ಜಾಸ್ತಿಯಾಗುತ್ತದೋ ಎಂದು ಬೆಳಿಗ್ಗೆಯಿಂದ ಚಿಂತೆ. ಲವೀನಾಳಿಗೆ ಮೂರು ಸಲ ಫೋನ್ ಮಾಡಿದೆ, ಅವಳು ಎತ್ತುತ್ತಿಲ್ಲ.