ಕೆಲಸದ ಕಾರ್ಡು, ಆಟದ ಕಾರ್ಡು

ಗಂಡ: ಕೊನೇ ಸಲ ಹೇಳ್ತಿದೀನಿ ಕೇಳು. ಅದು ಕೆಲಸದ ಕಾರ್ಡು ಕಣೇ, ಆಟದ ಕಾರ್ಡಲ್ಲ!

ಹೆಂಡತಿ: ಮಧ್ಯಾಹ್ನದಿಂದ ಇದು ಆರನೇ ಕೊನೇ ಸಲ. ಎದುರಿಗೆ ಕೂತಿರೋರು ದುಡೀತಿದಾರೋ ಆಡ್ತಿದಾರೋ, ಕಾರ್ಡಿಗೇನು ರೀ ಗೊತ್ತು?

ಗಂಡ ಕಂಪ್ಯೂಟರಿನ ಮೇಜಿಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಕಟ್ಟಡಗಳ ನಕ್ಷೆ ಬರೆಯುವುದು ಅವನ ಉದ್ಯೋಗ. ಕಂಪ್ಯೂಟರು ಆಫೀಸಿನದು, ಮನೆಯಲ್ಲೇ ಕೂತು ಕೆಲಸ ಮಾಡಲೆಂದು ಕೊಟ್ಟದ್ದು. ಹೋದ ವರ್ಷ ಅದಕ್ಕೊಂದು, ಚಿತ್ರಗಳನ್ನು ಸರಾಗವಾಗಿ ಓಡಿಸುವ, ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿಸಿಕೊಂಡ ಮೇಲಂತೂ ಅದರ ಹತ್ತಿರ ಸುಳಿಯುವವರನ್ನೆಲ್ಲ ಅವನು ಕಳ್ಳರಂತೆಯೇ ನೋಡುತ್ತಿದ್ದ.

ಹೆಂಡತಿ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನವಳು. ಅವಳ ತಮ್ಮ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾನೆ. ಎಂಟು ತಿಂಗಳ ಮೇಲೆ ಇವತ್ತು ಅವನಿಗೆ ಬಂದರಿನಲ್ಲಿ ಸರಿಯಾದ ಇಂಟರ್‌ನೆಟ್ ಸಿಗುವುದಿತ್ತು, ಅದೂ ಐದರಿಂದ ಏಳರವರೆಗೆ ಮಾತ್ರ. ಚಿಕ್ಕಂದಿನಲ್ಲಿ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ವಿಡಿಯೊ ಗೇಮ್ ಆಡಿದ ಅಕ್ಕ ತಮ್ಮ, ಇವತ್ತು ಕಾಡು, ಕರಡಿ ಇರುವ ಹೊಸದೊಂದು ಆಟ ಆಡಬೇಕೆಂದು ಮಾತಾಡಿಕೊಂಡಿದ್ದರು. ಆಗಲೇ ನಾಲ್ಕೂವರೆ.

ಗಂಡ: ನಿನ್ನ ಲ್ಯಾಪ್‌ಟಾಪಲ್ಲಿ ಆಡು.

ಹೆಂಡತಿ: ಅದು ಆಟದ ಹೆಸರು ತೋರಿಸೋಕೇ ಹತ್ತು ನಿಮಿಷ ಏದುಸಿರು ಬಿಟ್ಟು ಕಣ್ಣು ಮುಚ್ಕೊಂಡ್ತು.

ಗಂಡ: ಮತ್ತೆ! ಈಗಿನ ಆಟ ಅಂದ್ರೆ ಏನಂದ್ಕೊಂಡೆ? ಕಾಡು ತೋರಿಸಿದ್ರೆ ಒಂದೊಂದು ಎಲೆನೂ ಬೇರೆ ಬೇರೆ ಅಲ್ಲಾಡ್ಬೇಕು. ಎಲೆಗೊಂದು ನೆರಳು ಬೇರೆ.

ಹೆಂಡತಿ: ನಿಮ್ಮ ಕಟ್ಟಡಕ್ಕೆ ನಾನೂರು ಕಿಟಕಿ ಇದೆ. ಬಂದೋರಿಗೆಲ್ಲ ಅದನ್ನ ಎತ್ತಿ ತಿರುಗಿಸಿ ತೋರಿಸ್ತೀರಲ್ಲ?

ಗಂಡ: ಕಿಟಕಿ ಓಡಾಡಲ್ಲ.

ಹೆಂಡತಿ: ಮರಾನೂ ಓಡಾಡಲ್ಲ.

ಗಂಡ: ಕರಡಿ ಓಡಾಡುತ್ತೆ!

ಹೆಂಡತಿ: ಇರೋದು ಒಂದೇ ಕರಡಿ ರೀ. ನಾನೂರು ಕಿಟಕಿ ಹೊರೋ ಕಾರ್ಡಿಗೆ ಒಂದು ಕರಡಿ ಭಾರವಾ?

ಗಂಡ: ಅದಿರಲಿ. ಇದು ಆಫೀಸಿನ ಸ್ವತ್ತು. ನಮ್ಮ ಮ್ಯಾನೇಜರಮ್ಮನಿಗೆ ಗೊತ್ತಾದ್ರೆ ನನ್ನ ಗತಿ?

ಹೆಂಡತಿ: ಗೊತ್ತಾಗಿದೆ. ನಿನ್ನೆ ನಾನೇ ಫೋನ್ ಮಾಡಿ ಕೇಳ್ದೆ.

ಗಂಡ: ಏನಂದೆ?!

ಹೆಂಡತಿ: ಭಾನುವಾರ ತಾನೇ, ಧಾರಾಳವಾಗಿ ಆಡಿ ಅಂದ್ರು. ಆ ಕಾರ್ಡಲ್ಲಿ ಎಂಥ ಆಟನೂ ಓಡುತ್ತಂತೆ. ಗಾಳಿ ಥರ ಓಡ್ತಿದೆ ಅಂತ ನೀವು ಕಾಗದ ಬರೆದಿದ್ರಂತಲ್ಲ, ಅದನ್ನ ನೋಟೀಸ್ ಬೋರ್ಡಿಗೆ ಅಂಟಿಸಿದಾರಂತೆ.

ಗಂಡನ ಕೈಗಳು ತಾವಾಗಿಯೇ ಕೆಳಗಿಳಿದವು. ಕಾರ್ಡು ಬೇಕೆಂದು ಆಫೀಸಿನವರ ಬೆನ್ನು ಬಿದ್ದು, ಕಾಡಿ ಬೇಡಿ ತರಿಸಿಕೊಂಡವನು ಅವನೇ. ಬಂದ ಮೇಲೆ ನೋಡಿದರೆ ಕಟ್ಟಡ ಮೊದಲಿನಷ್ಟೇ ಸೋಮಾರಿಯಾಗಿ ತಿರುಗುತ್ತಿತ್ತು. ಹಾಗೆಂದು ಯಾವ ಬಾಯಲ್ಲಿ ಹೇಳುವುದು? ಜೋರಾಗಿದೆ ಎಂದು ತನಗೆ ತಾನೇ ಹೇಳಿಕೊಂಡ, ಆಮೇಲೆ ಆಫೀಸಿಗೂ ಬರೆದ. ಈಗ ಒಂದು ಕರಡಿ ಬಂದು ಅವನ ಮಾನ ಹರಾಜು ಹಾಕುವ ಹೊತ್ತು ಬಂದಿತ್ತು.

ಹೆಂಡತಿ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಕುರ್ಚಿಯಲ್ಲಿ ಕೂತಳು. ಆಟ ತೆರೆದುಕೊಂಡಿತು. ಕಾಡು ಬಂತು, ಅರ್ಧ ಮಾತ್ರ. ಉಳಿದರ್ಧ ಬರುವಷ್ಟರಲ್ಲಿ ಗಂಡ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ. ಕರಡಿ ಒಂದು ಕಾಲು ಎತ್ತಿತು. ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ಬಹಳ ಯೋಚಿಸಿತು.

ಗಂಡ: ನೋಡ್ದೆಯಾ! ನಾನು ಬಡ್ಕೊಂಡಿಲ್ವಾ?

ಹೆಂಡತಿ: ಹಾಗಾದ್ರೆ ಗಾಳಿ ಥರ ಅಂತ ಬರೆದಿದ್ದು?

ಗಂಡ: ಅದು... ಕೆಲಸದ ಗಾಳಿ. ಆಟದ ಗಾಳಿ ಬೇರೆ.

ಹೆಂಡತಿ ನಗಲಿಲ್ಲ. ಗಡಿಯಾರ ನೋಡಿದಳು, ಐದಕ್ಕೆ ಹತ್ತು ನಿಮಿಷ. ಫೋನ್ ತೆಗೆದು ತಮ್ಮನಿಗೆ ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು.

ಗಂಡ: ಏನು ಬರೀತಿದೀಯ?

ಹೆಂಡತಿ: ಆಗಲ್ಲ ಕಣೋ ಅಂತ. ಇನ್ನೇನು ಬರೀಲಿ?

ಗಂಡ: ಫೋನಲ್ಲೇ ಮಾತಾಡಬಹುದಲ್ಲ?

ಹೆಂಡತಿ: ಫೋನಲ್ಲಿ ಅವನದು ಮೂರೇ ಮಾತು ರೀ. ಚೆನ್ನಾಗಿದೀನಿ, ಊಟ ಆಯ್ತು, ಇಡ್ಲಾ? ಜೊತೆಗೆ ಆಡ್ತಾ ಇದ್ರೆ ಮಾತ್ರ ಮನಸ್ಸಲ್ಲಿರೋದು ಹೊರಗೆ ಬರೋದು. ಮೊದಲಿಂದಲೂ ಅವನು ಹಾಗೇ.

ಗಂಡ ಅವಳ ಮುಖ ನೋಡಿದ. ನೋಟೀಸ್ ಬೋರ್ಡು ಹಾಳಾಗಿ ಹೋಗಲಿ ಎಂದುಕೊಂಡ.

ಗಂಡ: ಒಂದು ಮಾತು ಹೇಳ್ತೀನಿ. ನಗಬಾರದು.

ಹೆಂಡತಿ: ನಗೋ ಸ್ಥಿತೀಲಿದೀನಾ ನಾನು?

ಗಂಡ: ಆ ಕಾರ್ಡು ಬಂದಾಗಿಂದ ಒಂದು ಚೂರೂ ಜೋರಾಗಿಲ್ಲ. ಕಾಗದ ಸುಮ್ನೆ ಬರೆದೆ.

ಹೆಂಡತಿ: ಒಂದು ಚೂರೂ ಅಂದ್ರೆ? ಸಾಸಿವೆಕಾಳಷ್ಟೂ?

ಗಂಡ: ಇಲ್ಲ ಅಂದ್ನಲ್ಲ! ಎಷ್ಟು ಸಲ ಹೇಳಿಸ್ತೀಯ?

ಹೆಂಡತಿ: ಸ್ವಲ್ಪ ಜೋರಾಗಿದ್ರೆ ಕಾರ್ಡು ಚಿಕ್ಕದು ಅನ್ನಬಹುದಿತ್ತು. ಏನೂ ಆಗಿಲ್ಲ ಅಂದ್ರೆ ಅದು ಕೆಲಸಾನೇ ಮಾಡ್ತಿಲ್ಲ. ಸರೀರಿ ಆಕಡೆ, ನಾನು ಹೋಗ್ಬೇಕು.

ಗಂಡ: ಎಲ್ಲಿಗೆ?

ಹೆಂಡತಿ: ಮೇಜಿನ ಕೆಳಗೆ. ಲ್ಯಾಬಲ್ಲಿ ಮಿಷನ್ ಮುನಿಸ್ಕೊಂಡ್ರೆ ಮೊದಲು ಹಿಂದುಗಡೆ ವೈರ್ ನೋಡ್ತೀವಿ. ಆಮೇಲೆ ಎಂಜಿನಿಯರ್ ಹತ್ರ ಬೈಸ್ಕೊಳ್ಳೋದು.

ಫೋನಿನ ಟಾರ್ಚು ಹಿಡಿದು ಅವಳು ಮೇಜಿನಡಿ ನುಸುಳಿದಳು. ಒಂದು ಸೀನು ಕೇಳಿಸಿತು.

ಹೆಂಡತಿ: (ಮೇಜಿನಡಿಯಿಂದ) ರೀ, ಕಾರ್ಡು ಕೂರಿಸಿದೋನು ಯಾರು?

ಗಂಡ: ಆಫೀಸಿನಿಂದ ಒಬ್ಬ ಬಂದಿದ್ದ. ವೈರ್ ಹಾಕಿ ಕೊಡ್ತೀನಿ ಸರ್ ಅಂದ. ಅಷ್ಟೂ ಗೊತ್ತಿಲ್ವೇನಪ್ಪ ನನಗೆ ಅಂತ ಕಳಿಸ್ಬಿಟ್ಟೆ.

ಹೆಂಡತಿ: ಕಂಪ್ಯೂಟರಿಂದ ಪರದೆಗೆ ಹೋಗೋ ವೈರು, ಅದನ್ನ ಎಲ್ಲಿಗೆ ಹಾಕಿದ್ರಿ?

ಗಂಡ: ಮೊದಲು ಎಲ್ಲಿತ್ತೋ ಅಲ್ಲಿಗೇ.

ಹೆಂಡತಿ: ಕೆಳಗೆ ಹೊಸ ಕಾರ್ಡಿನ ತೂತು ಇದೆಯಲ್ಲ, ಅದಕ್ಕೆ ಯಾಕೆ ಹಾಕ್ಲಿಲ್ಲ?

ಗಂಡ: ಅದಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿತ್ತಲ್ಲ.

ಹೆಂಡತಿ: ತೆಗೀಬೇಕು ತಾನೇ?

ಗಂಡ: ಹೊಸದು ಕಣೇ! ಧೂಳು ಹೋಗದೇ ಇರ್ಲಿ ಅಂತ ಹಾಗೇ ಬಿಟ್ಟೆ.

ಮೇಜು ಅಲುಗಾಡತೊಡಗಿತು. ಅಳುತ್ತಿದ್ದಾಳೇನೋ ಎಂದು ಗಂಡ ಗಾಬರಿಯಿಂದ ಬಗ್ಗಿ ನೋಡಿದರೆ, ಹೆಂಡತಿ ಗೋಡೆಗೆ ಒರಗಿ, ಅಂಗೈಯಲ್ಲಿ ಉಗುರಿನಷ್ಟು ಗಾತ್ರದ ಕಪ್ಪು ಮುಚ್ಚಳ ಹಿಡಿದು, ಉಸಿರು ಸಿಕ್ಕದಂತೆ ನಗುತ್ತಿದ್ದಳು.

ಗಂಡ: ನಗಬಾರದು ಅಂತ ಮಾತಾಗಿತ್ತು.

ಹೆಂಡತಿ: ಒಂದು ವರ್ಷ ರೀ! ಪರದೆನ ಹಳೇ ತೂತಿಗೇ ಕಟ್ಟಿ, ಒಂದು ವರ್ಷ ಕಾರ್ಡಿಗೆ ಬಾಯಿ ಮುಚ್ಚಿ ಕೂರಿಸಿದೀರ. ಒಂದು ಕಿಟಕಿನೂ ತೋರಿಸಿಲ್ಲ ಅದಕ್ಕೆ!

ವೈರು ಕೆಳಗಿನ ತೂತಿಗೆ ಇಳಿಯಿತು. ಕಂಪ್ಯೂಟರು ಆರಿ ಹೊತ್ತಿಕೊಂಡಿತು. ಐದಕ್ಕೆ ಸರಿಯಾಗಿ ಆಟ ತೆರೆದುಕೊಂಡಾಗ ಎಲೆ ಎಲೆಯೂ ಅಲ್ಲಾಡುತ್ತಿತ್ತು, ಎಲೆಗೊಂದು ನೆರಳೂ ಇತ್ತು. ಕರಡಿ ಬಂದ ವೇಗಕ್ಕೆ ಗಂಡ ಎರಡು ಹೆಜ್ಜೆ ಹಿಂದೆ ಸರಿದ.

ತಮ್ಮ: (ಸ್ಪೀಕರಿನಲ್ಲಿ) ಅಕ್ಕಾ! ಕೇಳಿಸ್ತಿದೆಯಾ? ಓಡು, ನಿನ್ನ ಹಿಂದೇನೇ ಕರಡಿ!

ಹೆಂಡತಿ: ಬರ್ಲಿ ಬಿಡೋ. ಮೊದಲು ನೀನು ಹೇಗಿದೀಯ ಹೇಳು.

ತಮ್ಮ: ಚೆನ್ನಾಗಿದೀನಿ. ಅಷ್ಟೇನೂ ಚೆನ್ನಾಗಿಲ್ಲ ಅಕ್ಕ. ಇರು, ಈ ಮರ ಹತ್ತಿ ಕೂತ್ಕೊಂಡು ಹೇಳ್ತೀನಿ.

ಇಬ್ಬರೂ ಮರ ಹತ್ತಿ ಕೂತರು. ಕೆಳಗೆ ಕರಡಿ ಕಾಯುತ್ತಾ ನಿಂತಿತು. ತಮ್ಮ ಹೇಳುತ್ತಲೇ ಹೋದ: ಸೆಕೆ, ನಿದ್ದೆಯಿಲ್ಲದ ಪಾಳಿ, ಜೊತೆಯವನೊಂದಿಗೆ ಆದ ಜಗಳ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಬೈಯುತ್ತಾ, ನಗುತ್ತಾ ಕೇಳಿದಳು. ಗಂಡ ಮೆಲ್ಲಗೆ ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

ತಮ್ಮ: ಅಲ್ಲಕ್ಕಾ, ಕೆಲಸದ ಕಂಪ್ಯೂಟರಲ್ಲಿ ಇಷ್ಟು ಚೆನ್ನಾಗಿ ಓಡ್ತಿದೆಯಲ್ಲ, ಏನು ಮಾಡಿದ್ರಿ?

ಹೆಂಡತಿ ಗಂಡನ ಕಡೆ ತಿರುಗಿದಳು. ಅವನು ಕಣ್ಣಲ್ಲೇ ಅಂಗಲಾಚಿದ.

ಹೆಂಡತಿ: ಎಲ್ಲ ನಿಮ್ಮ ಭಾವನ ಕೈಚಳಕ ಕಣೋ.

ತಮ್ಮ: ಹೌದಾ? ಭಾವ ಅಲ್ಲೇ ಇದಾರಾ? ಭಾವ, ನಮ್ಮ ಕ್ಯಾಪ್ಟನ್ ಕಂಪ್ಯೂಟರಿಗೂ ದೊಡ್ಡ ಕಾರ್ಡ್ ಹಾಕ್ಸಿದಾರೆ. ಆದ್ರೂ ಆಮೆ ಥರ ತೆವಳ್ತಿದೆ. ಏನಿರಬಹುದು?

ಗಂಡ ಗಂಟಲು ಸರಿಮಾಡಿಕೊಂಡ, ಅಂಗಿಯ ಕಾಲರು ಎಳೆದುಕೊಂಡ, ಹೆಂಡತಿ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ.

ಗಂಡ: ಹಿಂದುಗಡೆ ಪ್ಲಾಸ್ಟಿಕ್ ಮುಚ್ಚಳ ತೆಗೆದಿದಾರಾ ಅಂತ ನೋಡಪ್ಪಾ. ಏನ್ ಹೇಳೋದು, ಎಷ್ಟೋ ಓದಿದ ಜನಕ್ಕೇ ಇಷ್ಟು ಗೊತ್ತಿರಲ್ಲ!